ಶ್ವಾಸಕೋಶದ ಒಂದು ಭಾಗ ಕುಸಿದಿದೆ ಎಂದರೆ ಏನರ್ಥ? ತಿಳಿದವರು, ಅನುಭವಿಸಿದವರು ದಯವಿಟ್ಟು ಬರೆಯಿರಿ

ಬ್ರಹ್ಮಪುರದ ಓದುಗ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 63 ವರ್ಷ. ಕಳೆದ ವಾರ ಪಿತ್ತಕೋಶದ ಕಲ್ಲಿಗಾಗಿ ಹೊಟ್ಟೆ ಕೊಯ್ದು ಶಸ್ತ್ರಚಿಕಿತ್ಸೆ ಮಾಡಿದರು. ಮೊದಲ ದಿನ ಎಲ್ಲವೂ ಸರಿಯಾಗಿಯೇ ಇತ್ತು. ಎರಡನೆಯ ದಿನ ಸಂಜೆಯ ಹೊತ್ತಿಗೆ ಉಸಿರು ಗಿಡ್ಡವಾಗಿ, ಬೇಗಬೇಗ ಬರತೊಡಗಿತು. ಬೆರಳಿಗೆ ಹಾಕಿದ ಆಕ್ಸಿಮೀಟರಿನಲ್ಲಿ 96 ಇದ್ದದ್ದು 90ಕ್ಕೆ ಇಳಿಯಿತು. "ಉಸುರು ಪೂರಾ ಒಳಗ ಹೋಗವಲ್ದು" ಎಂಬುದೊಂದೇ ಅವರ ಮಾತು. ಎಕ್ಸ್‌ರೇ ತೆಗೆಸಿದ ಮೇಲೆ ವೈದ್ಯರು, ಬಲ ಶ್ವಾಸಕೋಶದ ಕೆಳಭಾಗ ಕುಸಿದಿದೆ, ಇದಕ್ಕೆ ಅಟೆಲೆಕ್ಟಾಸಿಸ್ ಎನ್ನುತ್ತಾರೆ, ಉಸಿರಾಟದ ವ್ಯಾಯಾಮ ಮಾಡಿಸಿ ಎಂದು ಹೇಳಿ, ಮೂರು ಚೆಂಡುಗಳಿರುವ ಒಂದು ಪ್ಲಾಸ್ಟಿಕ್ ಉಪಕರಣವನ್ನು ಬರೆದುಕೊಟ್ಟು ಮುಂದಿನ ರೋಗಿಯ ಕಡೆಗೆ ಹೋದರು.

ಕುಸಿತ ಎಂಬ ಮಾತು ಮನೆಯವರನ್ನೆಲ್ಲ ಕಂಗೆಡಿಸಿದೆ. ಮಳೆಗಾಲದಲ್ಲಿ ಮಣ್ಣಿನ ಮಾಳಿಗೆಗಳು ಕುಸಿಯುವುದನ್ನು ಕಂಡು ಬೆಳೆದವರು ನಾವು. ಕುಸಿದ ಮಾಳಿಗೆ ತಾನಾಗಿ ಮೇಲೇಳುವುದಿಲ್ಲ. ಅಮ್ಮ ನಿನ್ನೆ ರಾತ್ರಿ "ಆ ಕಡಿ ಸತ್ತೇ ಹೋಗ್ಯದೇನು?" ಎಂದು ಕೇಳಿದರು, ನನಗೆ ಉತ್ತರ ತೋಚಲಿಲ್ಲ. ಇನ್ನೊಂದು ಗೊಂದಲವೂ ಇದೆ. ಐದಾರು ವರ್ಷಗಳ ಹಿಂದೆ ನಮ್ಮ ಸೋದರಮಾವನ ಮಗನಿಗೂ "ಶ್ವಾಸಕೋಶ ಕುಸಿದಿದೆ" ಎಂದೇ ಹೇಳಿ ಪಕ್ಕೆಯಲ್ಲಿ ನಳಿಕೆ ಹಾಕಿದ್ದರು. ಅಮ್ಮನಿಗೇಕೆ ಹಾಕಲಿಲ್ಲ? ಇವೆರಡೂ ಒಂದೇ ಕಾಯಿಲೆಯೇ?

ಸೇಡಂ ರಸ್ತೆಯ ಫಿಸಿಯೋಥೆರಪಿಸ್ಟ್, ಕಲಬುರಗಿ

ಮೊದಲು ನಿಮ್ಮ ತಾಯಿಯವರ ಪ್ರಶ್ನೆಗೆ ಉತ್ತರ: ಸತ್ತಿಲ್ಲ. ಆ ಭಾಗ ಮಡಚಿಕೊಂಡಿದೆ, ತೆರೆದುಕೊಳ್ಳುತ್ತದೆ. ಇದನ್ನು ಇಂದು ಸಂಜೆಯೇ ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತು ಅವರಿಗೆ ಹೇಳಿ, ಏಕೆಂದರೆ ಹೆದರಿದವರು ಉಸಿರನ್ನು ಇನ್ನಷ್ಟು ಬಿಗಿಹಿಡಿಯುತ್ತಾರೆ.

ಎರಡನೆಯ ಪ್ರಶ್ನೆ ಬಹಳ ಮುಖ್ಯವಾದದ್ದು. ಕನ್ನಡದಲ್ಲಿ ಎರಡು ಬೇರೆ ಬೇರೆ ಸ್ಥಿತಿಗಳಿಗೆ ನಾವು "ಕುಸಿತ" ಎಂಬ ಒಂದೇ ಪದವನ್ನು ಬಳಸುತ್ತೇವೆ. ನಿಮ್ಮ ತಾಯಿಗೆ ಆಗಿರುವುದು ಅಟೆಲೆಕ್ಟಾಸಿಸ್, ಅಂದರೆ ಶ್ವಾಸಕೋಶದೊಳಗಿನ ಗಾಳಿಗೂಡುಗಳು ಗಾಳಿಯಿಲ್ಲದೆ ಮುಚ್ಚಿಕೊಂಡಿರುವುದು. ನಿಮ್ಮ ಸೋದರಮಾವನ ಮಗನಿಗೆ ಆಗಿದ್ದದ್ದು ಬಹುಶಃ ನ್ಯೂಮೊಥೊರಾಕ್ಸ್, ಅಂದರೆ ಶ್ವಾಸಕೋಶದ ಹೊರಗೆ, ಅದಕ್ಕೂ ಎದೆಗೋಡೆಗೂ ನಡುವೆ ಗಾಳಿ ಸೇರಿಕೊಂಡು ಶ್ವಾಸಕೋಶವನ್ನು ಒಳಕ್ಕೆ ಕುಗ್ಗಿಸುವುದು. ಹೊರಗೆ ಸೇರಿದ ಗಾಳಿಯನ್ನು ತೆಗೆಯಲು ನಳಿಕೆ ಬೇಕು. ಒಳಗೆ ಮುಚ್ಚಿಕೊಂಡ ಗೂಡುಗಳನ್ನು ತೆರೆಯಲು ಉಸಿರು ಬೇಕು, ಕೆಮ್ಮು ಬೇಕು, ಎದ್ದು ಕೂರುವುದು ಬೇಕು. ಅಲ್ಲಿ ನಳಿಕೆಗೆ ಕೆಲಸವಿಲ್ಲ.

ಗೂಡುಗಳು ಏಕೆ ಮುಚ್ಚಿಕೊಳ್ಳುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಎರಡೂ ಶ್ವಾಸಕೋಶಗಳಲ್ಲಿ ಸೇರಿ 30 ಕೋಟಿಗೂ ಹೆಚ್ಚು ಗಾಳಿಗೂಡುಗಳಿವೆ. ಒಂದೊಂದರ ಅಗಲ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು. ಒಳಗೋಡೆ ಸದಾ ಒದ್ದೆಯಾಗಿರುತ್ತದೆ. ನೀರಿನಲ್ಲಿ ಅದ್ದಿ ತೆಗೆದ ತೆಳು ಪ್ಲಾಸ್ಟಿಕ್ ಚೀಲದ ಎರಡು ಬದಿಗಳು ಹೇಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆಯೋ ಹಾಗೆಯೇ ಈ ಗೂಡುಗಳೂ ಅಂಟಿಕೊಳ್ಳಲು ಹವಣಿಸುತ್ತಿರುತ್ತವೆ. ಹಾಗಾಗದಂತೆ ತಡೆಯುವುದು ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ದ್ರವ. ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುಗಳಲ್ಲಿ ಇದು ಸಾಕಷ್ಟು ಇರುವುದಿಲ್ಲ. ಉಸಿರಾಟದ ತೊಂದರೆಯಿಂದ ತೀರಿಕೊಳ್ಳುತ್ತಿದ್ದ ಇಂತಹ ಶಿಶುಗಳಲ್ಲಿ ಕೊರತೆ ಇರುವುದು ಈ ದ್ರವದ್ದೇ ಎಂದು ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ 1959ರಲ್ಲಿ ತೋರಿಸಿಕೊಟ್ಟರು. ಇಂದು ನವಜಾತ ಶಿಶುಗಳ ಘಟಕಗಳಲ್ಲಿ ಸರ್ಫ್ಯಾಕ್ಟೆಂಟನ್ನು ಶ್ವಾಸನಾಳದ ಮೂಲಕ ನೇರವಾಗಿ ಕೊಡುತ್ತಾರೆ.

ದೊಡ್ಡವರಲ್ಲಿ ಸರ್ಫ್ಯಾಕ್ಟೆಂಟ್ ಇದ್ದರೂ ಅದು ಗೂಡಿನ ಗೋಡೆಯ ತುಂಬ ಹರಡಿಕೊಂಡಿರಲು ಆಗಾಗ ಒಂದು ದೀರ್ಘವಾದ ಉಸಿರು ಬೇಕು. ನಾವು ಗಂಟೆಗೆ ಹಲವು ಬಾರಿ ನಮಗೇ ಗೊತ್ತಾಗದಂತೆ ನಿಟ್ಟುಸಿರು ಬಿಡುವುದರಿಂದ ಈ ಕೆಲಸವೂ ನಡೆದಿರುತ್ತದೆ. ಈಗ ನಿಮ್ಮ ತಾಯಿಯ ಸ್ಥಿತಿಯನ್ನು ನೋಡಿ. ಪೂರ್ಣ ಅರಿವಳಿಕೆ ಕೊಟ್ಟಾಗ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಸಡಿಲಗೊಂಡು ಹೊಟ್ಟೆಯ ಅಂಗಗಳ ಭಾರಕ್ಕೆ ಮೇಲೇರುತ್ತದೆ, ಶ್ವಾಸಕೋಶದ ತಳಭಾಗ ಒತ್ತಿಹೋಗುತ್ತದೆ. ಹೀಗೆ ಅರಿವಳಿಕೆ ಪಡೆದವರಲ್ಲಿ ಸುಮಾರು ನೂರಕ್ಕೆ ತೊಂಬತ್ತು ಮಂದಿಗೆ ಸ್ವಲ್ಪಮಟ್ಟಿನ ಅಟೆಲೆಕ್ಟಾಸಿಸ್ ಆಗಿಯೇ ಆಗುತ್ತದೆ. ಹೆಚ್ಚಿನವರಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ಗಾಯವು ಬಲ ಪಕ್ಕೆಲುಬಿನ ಕೆಳಗೇ ಇದ್ದರೆ, ಪ್ರತಿ ದೀರ್ಘ ಉಸಿರಿಗೂ ಅದು ಎಳೆಯುತ್ತದೆ, ನೋಯುತ್ತದೆ. ರೋಗಿ ನಿಟ್ಟುಸಿರನ್ನೂ ಬಿಡುವುದಿಲ್ಲ, ಕೆಮ್ಮುವುದೂ ಇಲ್ಲ. ಕಫ ಸಣ್ಣ ನಾಳಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಮುಚ್ಚಿದ ನಾಳದ ಆಚೆ ಉಳಿದ ಗಾಳಿಯನ್ನು ರಕ್ತ ನಿಧಾನವಾಗಿ ಹೀರಿಕೊಳ್ಳುತ್ತದೆ, ಗೂಡು ಬರಿದಾಗಿ ಅಂಟಿಕೊಳ್ಳುತ್ತದೆ.

ದಯವಿಟ್ಟು ಒಂದು ಮಾತು ತಿಳಿಸಿ: ಶಸ್ತ್ರಚಿಕಿತ್ಸೆಯಾದ ಮೇಲೆ ಅವರನ್ನು ಎಬ್ಬಿಸಿ ಕೂರಿಸಿದ್ದೀರಾ?

ಬ್ರಹ್ಮಪುರದ ಓದುಗ, ಕಲಬುರಗಿ

ಇಲ್ಲ. ಹೊಲಿಗೆ ಬಿಚ್ಚೀತು ಎಂದು ನಮ್ಮ ಹಿರಿಯರು ಏಳಲು ಬಿಡಲಿಲ್ಲ. ಎರಡು ದಿನ ಅಂಗಾತವೇ ಮಲಗಿದ್ದರು. ಕೆಮ್ಮು ಬಂದಾಗಲೆಲ್ಲ ನಾವೇ "ಕೆಮ್ಮಬ್ಯಾಡ, ತಡಕೋ" ಎನ್ನುತ್ತಿದ್ದೆವು. ಉಪಕರಣವನ್ನು ನಿನ್ನೆಯೇ ತಂದೆವು, ದಿನವಿಡೀ ಊದಿಸಿದೆವು, ಒಂದು ಚೆಂಡೂ ಏಳಲಿಲ್ಲ.

ಸೇಡಂ ರಸ್ತೆಯ ಫಿಸಿಯೋಥೆರಪಿಸ್ಟ್, ಕಲಬುರಗಿ

ನಿಮ್ಮ ತಪ್ಪೆಂದು ಕೊರಗಬೇಡಿ, ನಾನು ನೋಡುವ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೀಗೆಯೇ ಮಾಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಇಂದಿನಿಂದ ಎಲ್ಲವೂ ಬದಲಾಗಬೇಕು.

ಆ ಉಪಕರಣ ಊದುವುದಕ್ಕೆ ಇರುವುದಲ್ಲ, ಎಳೆಯುವುದಕ್ಕೆ. ಊದಿದರೆ ಚೆಂಡು ಏಳುವುದೂ ಇಲ್ಲ, ಗೂಡು ತೆರೆಯುವುದೂ ಇಲ್ಲ. ತಾಯಿಯವರನ್ನು ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ. ಉಸಿರನ್ನು ಪೂರ್ತಿಯಾಗಿ ಹೊರಬಿಟ್ಟ ಮೇಲೆ ನಳಿಕೆಯ ತುದಿಯನ್ನು ತುಟಿಗಳಿಂದ ಬಿಗಿಯಾಗಿ ಹಿಡಿದು, ಎಳನೀರನ್ನು ಸ್ಟ್ರಾದಿಂದ ಹೀರುವಂತೆ, ಆದರೆ ಅವಸರವಿಲ್ಲದೆ ಎಳೆಯಬೇಕು. ಮೊದಲ ಚೆಂಡು ಎದ್ದರೆ ಸೆಕೆಂಡಿಗೆ 600 ಮಿಲಿಲೀಟರ್ ವೇಗದಲ್ಲಿ ಗಾಳಿ ಒಳಹೋಗುತ್ತಿದೆ ಎಂದರ್ಥ. ಎರಡನೆಯದಕ್ಕೆ 900, ಮೂರನೆಯದಕ್ಕೆ 1200. ಮೂರನ್ನೂ ಒಮ್ಮೆಲೇ ಎಬ್ಬಿಸಿ ಬೀಳಿಸುವುದಕ್ಕಿಂತ ಒಂದೇ ಚೆಂಡನ್ನು ಮೂರರಿಂದ ಐದು ಸೆಕೆಂಡು ಮೇಲೆ ನಿಲ್ಲಿಸುವುದು ಹೆಚ್ಚು ಉಪಯುಕ್ತ, ಏಕೆಂದರೆ ಅಂಟಿಕೊಂಡ ಗೂಡು ತೆರೆಯಲು ಸಮಯ ಬೇಕು. ಎಚ್ಚರವಿರುವಾಗ ಗಂಟೆಗೆ ಹತ್ತು ಬಾರಿ. ತಲೆ ಸುತ್ತಿದರೆ ನಿಲ್ಲಿಸಿ, ಸುಧಾರಿಸಿಕೊಂಡು ಮುಂದುವರಿಸಿ. ಉಪಕರಣದಲ್ಲಿ ಮಾಯೆಯೇನೂ ಇಲ್ಲ. ಅದಿಲ್ಲದವರು ಇದೇ ರೀತಿ ದೀರ್ಘವಾಗಿ ಉಸಿರೆಳೆದು ಹಿಡಿದರೂ ಫಲ ಸಿಗುತ್ತದೆ. ಚೆಂಡು ಕಣ್ಣಿಗೆ ಕಾಣುವುದರಿಂದ ರೋಗಿಗೆ ಹುರುಪು ಬರುತ್ತದೆ, ಅಷ್ಟೇ.

ಕೆಮ್ಮನ್ನು ತಡೆಯಲೇಬೇಡಿ. ಒಂದು ದಿಂಬನ್ನು ಗಾಯದ ಮೇಲಿಟ್ಟು ಎರಡೂ ಕೈಗಳಿಂದ ಅಪ್ಪಿಕೊಂಡು ಕೆಮ್ಮಿದರೆ ನೋವು ತಗ್ಗುತ್ತದೆ, ಹೊಲಿಗೆಗೂ ಆಸರೆಯಾಗುತ್ತದೆ. ನೋವಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ. "ಮಾತ್ರೆ ಜಾಸ್ತಿ ಬೇಡ" ಎಂದು ಬಿಡಿಸಿದರೆ ನೋವಿಗೆ ಹೆದರಿ ಉಸಿರು ಮತ್ತೆ ಗಿಡ್ಡವಾಗುತ್ತದೆ. ವೈದ್ಯರ ಒಪ್ಪಿಗೆ ಪಡೆದು ಇಂದೇ ವಾರ್ಡಿನೊಳಗೆ ನಾಲ್ಕು ಹೆಜ್ಜೆ ನಡೆಸಿ.

ಆಳಂದದ ನಿವೃತ್ತ ಆರೋಗ್ಯ ಸಹಾಯಕ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಒಂದು ಮಾತು ಸೇರಿಸಬಹುದು ಎನಿಸುತ್ತದೆ. ನಮ್ಮ ತರಬೇತಿಯ ಕಾಲದಲ್ಲಿ, ಶಸ್ತ್ರಚಿಕಿತ್ಸೆಯಾದ ಎರಡು ದಿನಗಳೊಳಗೆ ಜ್ವರ ಬಂದರೆ ಅದು ಅಟೆಲೆಕ್ಟಾಸಿಸ್‌ನ ಜ್ವರ ಎಂದೇ ಹೇಳಿಕೊಟ್ಟಿದ್ದರು. ಹಾಗಾಗಿ ತಾಯಿಯವರಿಗೆ ಜ್ವರ ಬಂದರೂ ಗಾಬರಿಯಾಗಬೇಕಿಲ್ಲ.

ಸೇಡಂ ರಸ್ತೆಯ ಫಿಸಿಯೋಥೆರಪಿಸ್ಟ್, ಕಲಬುರಗಿ

ಹಿರಿಯರ ಮಾತಿಗೆ ಗೌರವವಿದೆ, ಆದರೂ ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಹಾಗೆಂದು ದಶಕಗಳ ಕಾಲ ಕಲಿಸಿದ್ದು ನಿಜ. ನಂತರ ನಡೆದ ಅಧ್ಯಯನಗಳಲ್ಲಿ ಜ್ವರಕ್ಕೂ ಅಟೆಲೆಕ್ಟಾಸಿಸ್‌ಗೂ ಅಂತಹ ನೇರ ಸಂಬಂಧ ಕಂಡುಬರಲಿಲ್ಲ. ಎರಡೂ ಒಂದೇ ಅವಧಿಯಲ್ಲಿ ಕಾಣಿಸಿಕೊಳ್ಳುವುದರಿಂದ ಒಂದು ಇನ್ನೊಂದಕ್ಕೆ ಕಾರಣ ಎಂದು ಭಾವಿಸಲಾಗಿತ್ತು. ಆದ್ದರಿಂದ ಜ್ವರ ಬಂದರೆ "ಉಸಿರಿನದೇ ಜ್ವರ" ಎಂದು ಸುಮ್ಮನಿರಬಾರದು. ಗಾಯ, ಮೂತ್ರ, ಸಲೈನ್ ಚುಚ್ಚಿದ ಜಾಗ, ನ್ಯುಮೋನಿಯಾ, ಎಲ್ಲವನ್ನೂ ವೈದ್ಯರು ನೋಡಬೇಕು. ಕುಸಿದ ಭಾಗ ಬಹಳ ದಿನ ಹಾಗೆಯೇ ಉಳಿದರೆ ಅಲ್ಲಿ ಸೋಂಕು ತಗಲುವ ಭಯವಂತೂ ಇದ್ದೇ ಇದೆ.

ಚೌಬಾರದ ಹತ್ತಿರದವನು, ಬೀದರ್

ಎರಡನೆಯ ಬಗೆಯ ಕುಸಿತವನ್ನು ಅನುಭವಿಸಿದವನು ನಾನು, ಆದ್ದರಿಂದ ಬರೆಯುತ್ತಿದ್ದೇನೆ. ಆಗ ನನಗೆ 22 ವರ್ಷ, ಆರಡಿ ಎತ್ತರ, ಮೈಯಲ್ಲಿ ಮಾಂಸವೇ ಇರಲಿಲ್ಲ, ದಿನಕ್ಕೆ ಏಳೆಂಟು ಸಿಗರೇಟು ಸೇದುತ್ತಿದ್ದೆ. ಒಂದು ಮಧ್ಯಾಹ್ನ ಓದುತ್ತಾ ಕುಳಿತಿದ್ದಾಗ, ಓಡದೆ ಭಾರ ಎತ್ತದೆ, ಬಲಪಕ್ಕೆಯಲ್ಲಿ ಚಾಕು ಇಟ್ಟಂತೆ ಚುಚ್ಚಿತು. ಉಸಿರೆಳೆದರೆ ನೋವು ಭುಜದವರೆಗೆ ಹರಿಯಿತು. ವಾಯು ಹಿಡಿದಿದೆ ಎಂದು ಮನೆಯಲ್ಲಿ ಸೋಡಾ ಕುಡಿಸಿದರು, ಬೆನ್ನಿಗೆ ಎಣ್ಣೆ ತಿಕ್ಕಿದರು. ಮರುದಿನ ನೋವು ಸ್ವಲ್ಪ ತಗ್ಗಿತು, ಆದರೆ ಮೆಟ್ಟಿಲು ಹತ್ತಿದರೆ ದಮ್ಮು ಹತ್ತುತ್ತಿತ್ತು. ಮೂರನೆಯ ದಿನ ಆಸ್ಪತ್ರೆಗೆ ಹೋದೆ. ವೈದ್ಯರು ಬೆರಳಿನಿಂದ ಎರಡೂ ಪಕ್ಕೆಗಳನ್ನು ತಟ್ಟಿ ನೋಡಿದರು. ಎಡಕ್ಕಿಂತ ಬಲಗಡೆಯ ಸದ್ದು ಖಾಲಿ ಕೊಡದಂತೆ ಟಣಟಣ ಎನ್ನುವುದು ನನಗೇ ಕೇಳಿಸಿತು. ಎಕ್ಸ್‌ರೇಯಲ್ಲಿ ಬಲಗಡೆಯ ಹೊರಭಾಗ ಕಪ್ಪಗೆ, ನರಗಳ ಗೆರೆಗಳೇ ಇಲ್ಲದೆ ಕಾಣುತ್ತಿತ್ತು. ಶ್ವಾಸಕೋಶ ಒಳಗೆ ಸರಿದು ಮುದುಡಿಕೊಂಡಿತ್ತು.

ಶ್ವಾಸಕೋಶದ ತುದಿಯಲ್ಲಿ ಹುಟ್ಟಿಕೊಂಡಿದ್ದ ಸಣ್ಣ ಗುಳ್ಳೆಯೊಂದು ಒಡೆದು ಗಾಳಿ ಹೊರಸೇರಿದೆ, ಎತ್ತರವಾದ ತೆಳ್ಳಗಿನ ಹುಡುಗರಲ್ಲಿ ಇದು ಹೆಚ್ಚು, ಸಿಗರೇಟು ಆ ಅಪಾಯವನ್ನು ಎಷ್ಟೋ ಪಟ್ಟು ಹೆಚ್ಚಿಸುತ್ತದೆ ಎಂದು ಅವರು ತಿಳಿಸಿದರು. ಪಕ್ಕೆಲುಬುಗಳ ನಡುವೆ ನಳಿಕೆ ಹಾಕಿ ಅದರ ಇನ್ನೊಂದು ತುದಿಯನ್ನು ನೀರಿರುವ ಬಾಟಲಿಯಲ್ಲಿ ಮುಳುಗಿಸಿಟ್ಟರು. ಕೆಮ್ಮಿದಾಗಲೆಲ್ಲ ಬಾಟಲಿಯಲ್ಲಿ ಗುಳುಗುಳು ಎಂದು ಗುಳ್ಳೆಗಳೇಳುತ್ತಿದ್ದವು. ಉಸಿರಾಡಿದಂತೆ ನಳಿಕೆಯೊಳಗಿನ ನೀರು ಮೇಲೆ ಕೆಳಗೆ ಸರಿಯುತ್ತಿತ್ತು. ಐದು ದಿನ ನಾನು ನೋಡಿದ್ದು ಅದನ್ನೇ. ಒಮ್ಮೆ ನನ್ನನ್ನು ಇನ್ನೊಂದು ಮಂಚಕ್ಕೆ ಸ್ಥಳಾಂತರಿಸುವಾಗ ನಮ್ಮ ಅಣ್ಣ ಬಾಟಲಿಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿದ. ನರ್ಸಮ್ಮ ಓಡಿಬಂದು ಕೆಳಗಿಳಿಸಿದರು. ಮೇಲೆತ್ತಿದರೆ ನೀರು ಎದೆಯೊಳಗೆ ಹೋಗುತ್ತದೆ. ಮನೆಯವರಿಗೆ ಯಾರೂ ಇದನ್ನು ಮೊದಲೇ ಹೇಳಿರಲಿಲ್ಲ. ಇಂತಹ ರೋಗಿಯ ಜೊತೆಗಿರುವವರು ಬಾಟಲಿಯನ್ನು ಸದಾ ನೆಲದ ಹತ್ತಿರವೇ, ನೆಟ್ಟಗೆ ಇಟ್ಟುಕೊಳ್ಳಬೇಕು.

ಮುಂದಿನ ವರ್ಷ ಅದೇ ಬದಿಗೆ ಮತ್ತೆ ಬಂತು. ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗೆ ಮರುಕಳಿಸುತ್ತದಂತೆ. ಎರಡನೆಯ ಸಲ ಹೈದರಾಬಾದಿನಲ್ಲಿ ಎದೆಯೊಳಗೆ ಸಣ್ಣ ಕ್ಯಾಮೆರಾ ಕೊಳವೆ ತೂರಿಸಿ ಗುಳ್ಳೆಗಳನ್ನು ತೆಗೆದು, ಶ್ವಾಸಕೋಶದ ಪೊರೆ ಎದೆಗೋಡೆಗೆ ಅಂಟಿಕೊಳ್ಳುವಂತೆ ಮಾಡಿದರು. ಸಿಗರೇಟನ್ನು ಆ ದಿನದಿಂದ ಮುಟ್ಟಿಲ್ಲ. ವಾಸಿಯಾಗಿದೆ ಎಂದು ಎಕ್ಸ್‌ರೇಯಲ್ಲಿ ಖಚಿತವಾಗಿ ಕನಿಷ್ಠ ಒಂದು ವಾರ ಕಳೆಯುವವರೆಗೆ ವಿಮಾನ ಹತ್ತಬಾರದು ಎಂದೂ ಹೇಳಿದ್ದರು. ಮೇಲೇರಿದಂತೆ ಹೊರಗಿನ ಒತ್ತಡ ತಗ್ಗಿ, ಎದೆಯೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ.

ಸೇಡಂ ರಸ್ತೆಯ ಫಿಸಿಯೋಥೆರಪಿಸ್ಟ್, ಕಲಬುರಗಿ

ಬೀದರಿನ ಸಹೋದರರು ಬಹಳ ಸ್ಪಷ್ಟವಾಗಿ ಬರೆದಿದ್ದಾರೆ. ಅವರು ಮೂರು ದಿನ ಕಾದದ್ದು ಮಾತ್ರ ಯಾರೂ ಅನುಸರಿಸಬಾರದ ಸಂಗತಿ. ಕೆಲವರಲ್ಲಿ ಗಾಳಿ ಒಳಸೇರುತ್ತಲೇ ಇದ್ದು ಹೊರಬರಲು ದಾರಿಯಿಲ್ಲದೆ ಒತ್ತಡ ಏರುತ್ತಾ ಹೋಗುತ್ತದೆ. ಹೃದಯ, ಶ್ವಾಸನಾಳ ಇನ್ನೊಂದು ಬದಿಗೆ ಸರಿದು ರಕ್ತದೊತ್ತಡ ಕುಸಿಯುತ್ತದೆ. ಉಸಿರು ವಿಪರೀತ ಏರುವುದು, ತುಟಿ ನೀಲಿಯಾಗುವುದು, ಕತ್ತಿನ ನರಗಳು ಉಬ್ಬುವುದು, ತಣ್ಣನೆಯ ಬೆವರು, ಮಂಪರು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಅಲ್ಲಿ ನಿಮಿಷಗಳ ಲೆಕ್ಕ.

ಅಟೆಲೆಕ್ಟಾಸಿಸ್‌ನಲ್ಲಿ ಚಿತ್ರ ಇದಕ್ಕೆ ತಿರುಗುಮುರುಗಾಗಿರುತ್ತದೆ. ಎಕ್ಸ್‌ರೇಯಲ್ಲಿ ಕುಸಿದ ಭಾಗ ಬೆಳ್ಳಗೆ ಕಾಣುತ್ತದೆ, ತಟ್ಟಿದರೆ ಸದ್ದು ಮಂದವಾಗಿರುತ್ತದೆ, ಕುಸಿತ ದೊಡ್ಡದಾಗಿದ್ದರೆ ಹೃದಯ ಆ ಬದಿಗೇ ಎಳೆಯಲ್ಪಟ್ಟಿರುತ್ತದೆ. ಸಣ್ಣ ಕುಸಿತಕ್ಕೆ ಲಕ್ಷಣಗಳೇ ಇರದಿರಬಹುದು, ಏಕೆಂದರೆ ಗಾಳಿ ಬಾರದ ಭಾಗದ ರಕ್ತನಾಳಗಳು ತಾವಾಗಿ ಕುಗ್ಗಿ, ರಕ್ತವನ್ನು ಗಾಳಿಯಿರುವ ಕಡೆಗೆ ತಿರುಗಿಸುತ್ತವೆ. ದೇಹದ ಈ ಜಾಣತನವನ್ನು ನಾನು ಪ್ರತಿ ಬಾರಿಯೂ ಬೆರಗಿನಿಂದ ನೆನೆಯುತ್ತೇನೆ.

ಭೀಮಾತೀರದ ತಾಯಿ, ಯಾದಗಿರಿ

ನನ್ನ ಮಗನ ಸಂಗತಿಯನ್ನೂ ಇಲ್ಲಿ ಹೇಳಲೇಬೇಕು. ಅವನಿಗೆ ಎರಡೂವರೆ ವರ್ಷ. ಶೇಂಗಾ ಕಿತ್ತು ಅಂಗಳದಲ್ಲಿ ಒಣಹಾಕಿದ್ದೆವು. ಬಾಯಲ್ಲಿ ಕಾಳು ಇಟ್ಟುಕೊಂಡೇ ಓಡುತ್ತಿದ್ದವನು ಎಡವಿ ಬಿದ್ದ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ನಾಲ್ಕೈದು ನಿಮಿಷಕ್ಕೆ ಕೆಮ್ಮು ತಾನಾಗಿ ನಿಂತು, ಏನೂ ಆಗಿಲ್ಲವೆಂಬಂತೆ ಮತ್ತೆ ಆಟಕ್ಕೆ ಹೋದ. ಕಾಳು ಹೊಟ್ಟೆಗೆ ಹೋಯಿತು ಎಂದುಕೊಂಡು ನಾವೂ ಮರೆತೆವು.

ಎರಡು ವಾರದ ನಂತರ ಕೆಮ್ಮು, ಜ್ವರ. ನ್ಯುಮೋನಿಯಾ ಎಂದು ಔಷಧ ಕೊಟ್ಟರು, ವಾಸಿಯಾಯಿತು. ತಿಂಗಳೊಳಗೆ ಮತ್ತೆ ಅದೇ ಬಲಗಡೆ ಕೆಳಗೆ ಬಂತು. ಎರಡನೆಯ ಸಲ ನೋಡಿದ ವೈದ್ಯರು "ಯಾವಾಗಲಾದರೂ ತಿನ್ನುವಾಗ ಕೆಮ್ಮು ಹತ್ತಿತ್ತೇ?" ಎಂದು ಕೇಳಿದಾಗ ಮಾತ್ರ ನನಗೆ ಆ ದಿನ ನೆನಪಾಯಿತು. ಬಲ ಶ್ವಾಸನಾಳ ಎಡದ್ದಕ್ಕಿಂತ ಅಗಲವಾಗಿ, ನೆಟ್ಟಗೆ ಇರುವುದರಿಂದ ಜಾರಿದ ಕಾಳು ಹೆಚ್ಚಾಗಿ ಅತ್ತ ಹೋಗುತ್ತದೆ, ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅದರ ಹಿಂದಿನ ಶ್ವಾಸಕೋಶ ಕುಸಿದಿರುವುದು ಮಾತ್ರ ಕಾಣುತ್ತದೆ ಎಂದು ಅವರು ವಿವರಿಸಿದರು. ಕಲಬುರಗಿಗೆ ಕರೆದೊಯ್ದು, ಅರಿವಳಿಕೆ ಕೊಟ್ಟು ಬ್ರಾಂಕೋಸ್ಕೋಪ್ ಎಂಬ ಕೊಳವೆಯಿಂದ ಹೊರತೆಗೆಸಿದೆವು. ಹತ್ತಿಯ ಮೇಲಿಟ್ಟು ತೋರಿಸಿದರು: ಅರ್ಧ ಬೀಜ, ಒದ್ದೆಯಾಗಿ ಉಬ್ಬಿ ಕಂದುಬಣ್ಣಕ್ಕೆ ತಿರುಗಿತ್ತು. ಅಷ್ಟು ಸಣ್ಣದು ನನ್ನ ಮಗುವನ್ನು ಎರಡು ತಿಂಗಳು ಕಾಡಿತ್ತು.

ಅಂದು ಆ ವೈದ್ಯರಿಂದ ಕಲಿತದ್ದನ್ನು ಎಲ್ಲ ತಾಯಂದಿರಿಗೂ ಹೇಳುತ್ತಿದ್ದೇನೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಧ್ವನಿಯೇ ಹೊರಡದಿದ್ದರೆ, ವರ್ಷ ದಾಟಿದ ಮಗುವಿಗೆ ಮುಂದಕ್ಕೆ ಬಾಗಿಸಿ ಬೆನ್ನಿನ ಮೇಲೆ, ಹೆಗಲುಮೂಳೆಗಳ ನಡುವೆ ಐದು ಬಾರಿ ಬಲವಾಗಿ ತಟ್ಟಿ, ಹೋಗದಿದ್ದರೆ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಐದು ಬಾರಿ ಒಳಮೇಲಕ್ಕೆ ಒತ್ತಬೇಕು. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಯ ನಡುವೆ ಒತ್ತಬೇಕು. ಕಾಣದೆ ಬಾಯೊಳಗೆ ಬೆರಳು ಹಾಕಿ ತಡಕಿದರೆ ಕಾಳು ಇನ್ನೂ ಒಳಗೆ ಹೋಗುತ್ತದೆ. ಕೆಮ್ಮು ನಿಂತರೂ ಒಮ್ಮೆ ವೈದ್ಯರಿಗೆ ತೋರಿಸಲೇಬೇಕು. ಶೇಂಗಾ, ಪುಟಾಣಿ, ಹುಣಸೆಬೀಜ, ಸೀತಾಫಲದ ಬೀಜ, ನಮ್ಮ ಅಂಗಳದಲ್ಲಿ ಯಾವುದು ಬಿದ್ದಿರುವುದಿಲ್ಲ ಹೇಳಿ.

ಕಲ್ಲುಗಣಿಯವರ ಮಗ, ಶಹಾಬಾದ್

ನನ್ನ ತಂದೆಗೆ ಎದೆಯಲ್ಲಿ ನೀರು ತುಂಬಿ ಎಡ ಶ್ವಾಸಕೋಶದ ಅರ್ಧ ಭಾಗ ಒತ್ತಿಹೋಗಿತ್ತು. ಒಂದು ತಿಂಗಳು ಸಂಜೆ ಜ್ವರ, ತೂಕ ಇಳಿಕೆ, ಪಕ್ಕೆನೋವು ಇದ್ದರೂ ಕೆಲಸದ ದಣಿವು ಎಂದೇ ತಿಳಿದಿದ್ದರು. ನೀರು ತೆಗೆದು ಪರೀಕ್ಷಿಸಿದಾಗ ಕ್ಷಯ ಎಂದು ಗೊತ್ತಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಆರು ತಿಂಗಳು ಉಚಿತ ಔಷಧ ಪಡೆದರು. ಪೌಷ್ಟಿಕ ಆಹಾರಕ್ಕೆಂದು ಕೊಡುವ ಹಣ, 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ ಆಗಿರುವುದು, ಬ್ಯಾಂಕ್ ಖಾತೆಗೇ ಬಂತು. ಶ್ವಾಸಕೋಶ ಬಹುಪಾಲು ತೆರೆದುಕೊಂಡಿದೆ, ಆದರೆ ಕೆಳತುದಿಯಲ್ಲಿ ಒಂದು ಕಲೆ ಉಳಿದು ಅಷ್ಟು ಭಾಗ ಕುಗ್ಗಿಯೇ ಇದೆ. ತಡಮಾಡದೆ ತೋರಿಸಿದ್ದರೆ ಅದೂ ಉಳಿಯುತ್ತಿತ್ತೇನೋ ಎಂಬ ನೋವು ನನಗಿದೆ. ಸಿಲಿಕಾ ಇರುವ ಕಲ್ಲಿನ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಕ್ಷಯವೂ, ಗಾಳಿ ಸೋರಿ ಆಗುವ ಕುಸಿತವೂ ಉಳಿದವರಿಗಿಂತ ಹೆಚ್ಚು ಎಂದು ವೈದ್ಯರು ಹೇಳಿದರು. ನಮ್ಮ ಓಣಿಯ ಕೆಲಸಗಾರರು ಎರಡು ವಾರ ಮೀರಿದ ಕೆಮ್ಮನ್ನು ದಯವಿಟ್ಟು ಧೂಳಿನ ಕೆಮ್ಮು ಎಂದು ಬಿಡಬೇಡಿ.

ಸೇಡಂ ರಸ್ತೆಯ ಫಿಸಿಯೋಥೆರಪಿಸ್ಟ್, ಕಲಬುರಗಿ

ಇದಕ್ಕೆ ತೊಗರಿಕಟ್ಟಿಗೆಯ ಹೊಗೆಯನ್ನೂ ಸೇರಿಸಿ. ಒಂದು ಬೀಡಿಯನ್ನೂ ಸೇದದ, ಆದರೆ ನಲವತ್ತು ವರ್ಷ ಒಲೆಯ ಮುಂದೆ ರೊಟ್ಟಿ ಬಡಿದ ಹೆಂಗಸರ ಶ್ವಾಸನಾಳಗಳು ಸೇದುವವರ ನಾಳಗಳಂತೆಯೇ ಕೆಟ್ಟಿರುವುದನ್ನು ನೋಡುತ್ತೇನೆ. ಇಂಥವರಲ್ಲಿ ಕಫ ಹೆಚ್ಚು. ಶಸ್ತ್ರಚಿಕಿತ್ಸೆಯ ನಂತರ ಕುಸಿತದ ಸಂಭವವೂ ಹೆಚ್ಚು. ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಒಲೆಯ ವಿಷಯ ಹೇಳಬೇಕು. ಬೀಡಿ ಸೇದುತ್ತೀರಾ ಎಂದು ಎಲ್ಲರೂ ಕೇಳುತ್ತಾರೆ, ಒಲೆಯ ಬಗ್ಗೆ ಬಹಳ ಮಂದಿ ಕೇಳುವುದಿಲ್ಲ.

ಬ್ರಹ್ಮಪುರದ ಓದುಗ, ಕಲಬುರಗಿ

ನಾಲ್ಕು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ಅಂದು ಸಂಜೆಯೇ ಅಮ್ಮನನ್ನು ಕೂರಿಸಿದೆವು. ದಿಂಬು ಅಪ್ಪಿಕೊಂಡು ಕೆಮ್ಮಿದಾಗ ಮೊದಲು ಅತ್ತರು. ಮೂರನೆಯ ಕೆಮ್ಮಿಗೆ ಹಳದಿ ಕಫದ ಗಟ್ಟಿ ಗಂಟು ಹೊರಬಂತು. ರಾತ್ರಿಯ ಹೊತ್ತಿಗೆ ಆಕ್ಸಿಮೀಟರ್ 93 ತೋರಿಸಿತು, ಮರುದಿನ ಮಧ್ಯಾಹ್ನಕ್ಕೆ 95. ಈಗ ಎರಡು ಚೆಂಡುಗಳು ಏಳುತ್ತವೆ, ಮೊದಲನೆಯದು ನಾನು ನಾಲ್ಕು ಎಣಿಸುವವರೆಗೆ ಮೇಲೆಯೇ ನಿಲ್ಲುತ್ತದೆ. ನಿನ್ನೆಯ ಎಕ್ಸ್‌ರೇಯಲ್ಲಿ ಬೆಳ್ಳಗಿದ್ದ ಭಾಗ ಒಂದು ತೆಳು ಪಟ್ಟಿಯಷ್ಟೇ ಉಳಿದಿದೆ. ವೈದ್ಯರು ಹತ್ತು ದಿನ ಬಿಟ್ಟು ಮತ್ತೊಮ್ಮೆ ತೋರಿಸಲು ಹೇಳಿದ್ದಾರೆ.

ಒಲೆಯ ವಿಷಯವನ್ನೂ ಅವರಿಗೆ ತಿಳಿಸಿದೆ. ಅಮ್ಮ ಮೂವತ್ತೈದು ವರ್ಷ ತೊಗರಿಕಟ್ಟಿಗೆಯಲ್ಲೇ ಅಡುಗೆ ಮಾಡಿದವರು. ಗಾಯ ಮಾಗಿದ ಮೇಲೆ ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ ಮಾಡಿಸೋಣ ಎಂದು ಕಾಗದದಲ್ಲಿ ಬರೆದುಕೊಟ್ಟರು.